ಗೋಡೆ ಮೇಲಿನ ನೀಲಿಗೈ

ಜನವರಿ 11

ಲೋ ಕೊಕ್ಕೆ,

ನಲವತ್ತೈದು ವರ್ಷದ ಮೇಲೆ ಈ ಹೆಸರು ಹಿಡಿದು ಕರೆದ್ರೆ ಬೆಚ್ಚಿಬೀಳ್ತೀಯೇನೋ. ಬೀಳು, ಪರವಾಗಿಲ್ಲ. "ಅವರು ದೊಡ್ಡ ಮೇಷ್ಟ್ರು, ಪುಸ್ತಕ ಬರೆದವರು, ಮರ್ಯಾದೆಯಾಗಿ ಬರೀರಿ" ಅಂತ ನಿನ್ನ ಅತ್ತಿಗೆ, ಅಂದ್ರೆ ನನ್ನ ಹೆಂಡತಿ, ಹೇಳಿದ್ಲು. ಬಟ್ಟೆಗೆ ನೀಲಿ ಹಾಕೋ ಒಂದೇ ತೊಟ್ಟಿಗೆ ಕೈ ಅದ್ದಿದವರಿಗೆ ಬಹುವಚನ ಯಾಕೆ ಅಂತ ಬಿಟ್ಟೆ.

ನಿನ್ನ ಪುಸ್ತಕ ಓದಿದೆ. ಓದಿದೆ ಅಂದ್ರೆ ನಾನಲ್ಲ. ನಾಲ್ಕನೇ ಕ್ಲಾಸಿಗೆ ನಿಂತ ಓದು, ಬಾಯಿಗೆ ಬಂದಿದ್ದು ಬರೀತೀನಿ, ಬೇರೆಯವರದ್ದು ಓದುವಾಗ ಸಾಲು ಸ್ವಲ್ಪ ಉದ್ದ ಆದ್ರೆ ಮಧ್ಯದಲ್ಲಿ ದಾರಿ ತಪ್ಪುತ್ತೆ. ಅವಳು ಓದಿದ್ಲು, ನಾನು ಇಸ್ತ್ರಿ ಮಾಡ್ತಾ ಕೇಳಿದೆ. ಮೊದಲು ಚೆನ್ನಾಗೇ ಇತ್ತು. ಹೊಳೆ ಈಚೆ ಹುಟ್ಟಿದವರಿಗೆಲ್ಲ ನೀಲಿಗೈ ಅನ್ನೋ ಅಡ್ಡಹೆಸರು ಹೆಂಗೆ ಅಂಟಿಕೊಳ್ತು, ಬಣ್ಣದ ತೊಟ್ಟಿ ಮುಖಾನೇ ನೋಡದ ಬೇಕರಿಯವನೂ ಹೆಂಗೆ ನೀಲಿಗೈ ಆದ, ಎಲ್ಲ ಸರಿ. ನಲವತ್ತೊಂದನೇ ಪುಟ ಬಂತು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೇನ ಔಷಧಿ ಅಂಗಡಿಯವರ ಬಿಳಿ ಕೋಟಿನ ಮೇಲೆ ಹಾಗೇ ಬಿಟ್ಟುಬಿಟ್ಟೆ. ಬೆನ್ನಲ್ಲಿ ಅಂಗೈಯಗಲ ತೂತು. ಈ ಕಸುಬಲ್ಲಿ ಇಷ್ಟು ವರ್ಷದಲ್ಲಿ ಮೊದಲನೇ ಸಲ.

"ಶಾಲೆಯ ಗೋಡೆಯ ಮೇಲಿದ್ದ ಅಂಗೈ ಗುರುತು ನನ್ನದು. ಒಂಬತ್ತು ವರ್ಷದವನಾಗಿದ್ದಾಗ, ನಮ್ಮನ್ನು ಹಂಗಿಸಿದವರಿಗೆ ಉತ್ತರವಾಗಿ, ನನ್ನ ನೀಲಿ ಕೈಯನ್ನು ಆ ಗೋಡೆಗೆ ಒತ್ತಿದೆ." ಅಂತ ಬರ್ದಿದೀಯ.

ನಿಂದಾ? ಏನೋ ಇದು? ಈ ಬೀದಿಯಲ್ಲಿ ಯಾರನ್ನಾದ್ರೂ ನಿಲ್ಲಿಸಿ ಕೇಳು, ಆ ಕೈ ಯಾರ್ದು ಅಂತ. ಬೇಕರಿಯವನು ಹೇಳ್ತಾನೆ, ಟೈಲರಮ್ಮ ಹೇಳ್ತಾಳೆ, ನಾಯಿಗೆ ಮಾತು ಬಂದಿದ್ರೆ ಅದೂ ಹೇಳ್ತಿತ್ತು: ಇಸ್ತ್ರಿ ಗಿಲಕಿದು ಅಂತ. ಇಷ್ಟು ವರ್ಷ ನನ್ನ ಹತ್ರ ಇದ್ದಿದ್ದು ಅದೊಂದೇ ಕಥೆ. ಮದುವೆ ಮನೆಯಲ್ಲಿ ಅದನ್ನೇ ಹೇಳಿದೆ, ಸಾವಿನ ಮನೆಯಲ್ಲೂ ಅದನ್ನೇ ಹೇಳಿ ಅಳೋರನ್ನ ನಗಿಸಿದೆ. ನನ್ನ ಹೆಂಡತಿ ನನ್ನ ಒಪ್ಪಿಕೊಂಡಿದ್ದೇ ಆ ಕಥೆ ಕೇಳಿ. ಆಮೇಲೆ ಪಶ್ಚಾತ್ತಾಪ ಪಟ್ಟಳು, ಅದು ಬೇರೆ ವಿಷಯ.

ಈಗ ಯಾಕೆ ಹೇಳ್ತಿದೀನಿ ಅಂದ್ರೆ, ಹಳೇ ಸ್ಕೂಲು ರಿಪೇರಿ ಆಗ್ತಿದೆ. ಏಳು ಪದರ ಸುಣ್ಣ ಕೆರೆದಾಗ ಕೈ ಮತ್ತೆ ಎದ್ದು ಬಂತು, ನಿನ್ನೆ ಹಚ್ಚಿದ ಹಾಗೆ. ಅದಕ್ಕೆ ಗಾಜು ಹಾಕಿ, ಕೆಳಗೆ ಹಚ್ಚಿದವನ ಹೆಸರಿನ ಫಲಕ ಇಡ್ತಾರಂತೆ. ಏಪ್ರಿಲ್ ಇಪ್ಪತ್ತಕ್ಕೆ ಸಮಾರಂಭ. ಕಮಿಟಿ ಅಧ್ಯಕ್ಷರು ಅದೇ ಔಷಧಿ ಅಂಗಡಿಯವರು, ತೂತು ಬಿದ್ದ ಕೋಟಿನವರು. "ಪುಸ್ತಕದಲ್ಲಿ ಅಚ್ಚಾಗಿದೆಯಲ್ರೀ, ಅವರ ಹೆಸರೇ ಹಾಕ್ಬೇಕು" ಅಂದ್ರು. ನನ್ನ ಬೆನ್ನ ಮೇಲೂ ಅಚ್ಚಾಗಿತ್ತು ಸಾರ್, ಹನ್ನೆರಡು ಏಟು, ಅಂದೆ. ನಕ್ಕುಬಿಟ್ರು. ನಾನು ಏನು ಹೇಳಿದ್ರೂ ನಗ್ತಾರೆ, ಅದೇ ನನ್ನ ಕರ್ಮ.

"ಅವರೇ ತಮ್ಮದಲ್ಲ ಅಂತ ಬರ್ಕೊಟ್ರೆ ನಿಮ್ಮ ಹೆಸರು ಹಾಕೋಣ" ಅಂದಿದಾರೆ. ಒಂದೇ ಒಂದು ಸಾಲು ಬರ್ಕೊಡು. ನಿಂಗೆ ಪುಸ್ತಕ ಇದೆ, ಹಾರ ಇದೆ, ರೇಡಿಯೋದಲ್ಲಿ ಮಾತಾಡ್ತೀಯ. ನಂಗೆ ಅದೊಂದು ಕೈ ಬಿಟ್ಟರೆ ಇನ್ನೇನೂ ಇಲ್ಲ.

ಇಂತಿ,
ಗಿಲಕಿ (ಇಸ್ತ್ರಿ ಅಂಗಡಿ, ಸ್ಕೂಲ್ ಹಿಂದಿನ ಬೀದಿ. ಬೀದಿ ಮರೆತಿದ್ರೆ ಅಂತ ಬರೆದೆ.)


ಜನವರಿ 24

ಪ್ರಿಯ ಗಿಲಕಿ,

ಬೀದಿಯನ್ನು ಮರೆತಿಲ್ಲ. ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ, ಅದನ್ನು ಒಪ್ಪಿಕೊಳ್ಳುತ್ತೇನೆ.

ಈ ದೂರದ ಊರಿಗೆ ಬಂದ ಮೊದಲ ವರ್ಷ, ಯಾವ ಊರು ಎಂದು ಕೇಳಿದವರಿಗೆಲ್ಲ ಬೆಟ್ಟದ ಕಡೆಯವನು ಎಂದು ಹೇಳಿದೆ. ಆಗ ಉಗುರಿನ ಬುಡದಲ್ಲಿ ಇನ್ನೂ ಬಣ್ಣವಿತ್ತು. ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ, ರಕ್ತ ಬರುವಷ್ಟು ಉಗುರು ಕತ್ತರಿಸಿದೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸಿದೆ, ನನ್ನದೊಂದನ್ನು ಬಿಟ್ಟು. ನನ್ನ ಹೆಂಡತಿ ತೀರಿಕೊಂಡಾಗಲೂ ಅವಳಿಗೆ ನಾನು ಎಲ್ಲಿಯವನೆಂದು ತಿಳಿದಿರಲಿಲ್ಲ. ಆಮೇಲೆ ಒಂದು ದಿನ ಮಗಳು ಕೇಳಿದಳು: "ಅಪ್ಪಾ, ಹೊಳೆಯಾಚೆಯ ನೀಲಿಗೈಯವರ ಬಗ್ಗೆ ಕಾಲೇಜಿನಲ್ಲಿ ಹೇಳಿದರು. ಎಷ್ಟು ಗಟ್ಟಿ ಜನ ಅಲ್ವಾ? ನಾವೂ ಆ ಕಡೆಯವರಾಗಿದ್ದರೆ ಚೆನ್ನಾಗಿತ್ತು." ಆ ರಾತ್ರಿಯೇ ಒಂದು ಖಾಲಿ ನೋಟ್‌ಬುಕ್ ತೆಗೆದು ಕೂತೆ. ಪುಸ್ತಕ ಹುಟ್ಟಿದ್ದು ಹಾಗೆ.

ನಲವತ್ತೊಂದನೆಯ ಪುಟದ ಆ ಸಾಲು ನನ್ನ ಬಗ್ಗೆ ನಾನು ಬರೆದ ಮೊದಲ ನಿಜ. ಅದನ್ನೇ ಅಲ್ಲಗಳೆಯಲು ನೀನು ಕೇಳುತ್ತಿದ್ದೀಯ.

ಗೋಡೆಯ ಹತ್ತಿರ ಹೋಗಿ ಗುರುತಿನ ಕಿರುಬೆರಳನ್ನು ನೋಡು. ನಿನ್ನ ಕೈಯನ್ನೂ ನೋಡಿಕೋ. ಆಮೇಲೆ ಬರೆ.

ನಿನ್ನ,
ಕೊಕ್ಕೆ


ಫೆಬ್ರವರಿ 6

ಕೊಕ್ಕೆ,

ನೋಡಿದೆ. ಬಾಗಿದೆ. ಹೊರಗಡೆಗೆ, ಬಟ್ಟೆ ತೂಗು ಹಾಕೋ ಕೊಕ್ಕೆ ಥರ. ನೀನು ಹುಟ್ಟುವಾಗಲೇ ತಂದ ಬೆರಳು.

ಒಂದು ನಾಚಿಕೆ ವಿಷಯ ಹೇಳ್ತೀನಿ, ನಗಬೇಡ. ನಕ್ಕರೂ ನಂಗೆ ಕೇಳಿಸಲ್ಲ, ನಗು. ಗೋಡೆ ನೋಡಿ ಬಂದು ನನ್ನ ಕಿರುಬೆರಳಿಗೆ ಬಾಗಿಸಿದ ಚಮಚ ಕಟ್ಟಿ, ಬಟ್ಟೆ ಸುತ್ತಿದೆ. ಹೊರಗಡೆ ಬಾಗುತ್ತೇನೋ ಅಂತ. ಬೆರಳಿಗೆ ಏಟಾಗಿದೆ ಅಂತ ಗಿರಾಕಿಗಳಿಗೆ ಹೇಳಿದೆ. ಎಂಟು ದಿನ ಕಟ್ಟಿಕೊಂಡಿದ್ದೆ. ಬೆರಳು ಬಾಗಲಿಲ್ಲ, ಊದಿಕೊಳ್ತು. ನಿನ್ನ ಅತ್ತಿಗೆ ಬಟ್ಟೆ ಬಿಚ್ಚಿ ಚಮಚ ನೋಡಿ, "ಇದು ಸಾರಿನ ಚಮಚ ಅಲ್ವಾ? ಎಂಟು ದಿನದಿಂದ ಮನೆಯೆಲ್ಲ ಹುಡುಕ್ತಿದೀನಿ" ಅಂದ್ಲು. ಆಮೇಲೆ ಅರ್ಥ ಆಯ್ತು ಅವಳಿಗೆ. "ನಿಮ್ಮ ಹೊಟ್ಟೆಕಿಚ್ಚಲ್ಲೇ ಇಸ್ತ್ರಿಪೆಟ್ಟಿಗೆ ಕಾಯಿಸಬಹುದು, ಇದ್ದಿಲಾದ್ರೂ ಉಳಿಯುತ್ತೆ" ಅಂದು ಚಮಚ ತೊಳೆಯೋಕೆ ಹೋದ್ಲು.

ಸರಿ. ಕೈ ನಿಂದೇ. ಈ ಪತ್ರದಲ್ಲಿ ಒಪ್ಕೊಂಡೆ, ಬೀದಿಯಲ್ಲಿ ಒಪ್ಪಲ್ಲ.

ಆದ್ರೆ ನಿನ್ನ ಪುಸ್ತಕದಲ್ಲಿ ಆ ಸಾಲು ಆದ್ಮೇಲೆ ಏನಿದೆ? ಅಧ್ಯಾಯ ಮುಗಿದಿದೆ. ಕೈ ಒತ್ತಿದೆ, ಮುಗೀತು, ಮುಂದಿನ ಪುಟದಲ್ಲಿ ಊರಿನ ಜನಸಂಖ್ಯೆ. ಅಲ್ಲೇನಾಯ್ತು ಅಂತ ನಾನು ಹೇಳ್ಲಾ?

ಬೆಳಗ್ಗೆ ಸ್ಕೂಲಿಗೆ ಮುಂಚೆ ನಿಮ್ಮಪ್ಪ, ನಮ್ಮಪ್ಪನ ಜೊತೆ ನಾವಿಬ್ರೂ ತೊಟ್ಟಿ ಹತ್ರ ಇದ್ವಿ. ಹಿಂದಿನ ದಿನ ಹೆಡ್ಮಾಸ್ಟರು ಹೊಸ ನಕಾಶೆ ತಂದು, "ನೀಲಿಗೈಗಳು ಹಿಂದೆ ಹೋಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ, ಮುಟ್ಟಿದ್ರೆ ಅಂಟುತ್ತೆ" ಅಂದಿದ್ರು. ನೀನು ಅವಮಾನಕ್ಕೆ ಉಗುರು ಕಚ್ತಾ ಇದ್ದೆ. ನಾನು, "ಧೈರ್ಯ ಇದ್ರೆ ಹೋಗಿ ಗೋಡೆಗೆ ಹಚ್ಚು ನೋಡೋಣ" ಅಂದೆ. ತಮಾಷೆಗೆ. ನೀನು ತೊಟ್ಟಿಗೆ ಕೈ ಅದ್ದಿ ಓಡಿದೆ. ಹಿತ್ತಲ ಬಾಗಿಲು ದಾಟಿದ್ರೆ ಸ್ಕೂಲಿನ ಗೋಡೆ. ಫಟ್ ಅಂತ ಒತ್ತಿ ವಾಪಸ್ ಬಂದೆ.

ಹೆಡ್ಮಾಸ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ "ಕೈ ಚಾಚಿ" ಅಂದ್ರು. ಹತ್ತೊಂಬತ್ತು ಜನ, ಎಲ್ಲರ ಕೈನೂ ನೀಲಿ. ಬೆರಳು ಯಾವ ಕಡೆ ಬಾಗಿದೆ ಅಂತ ನೋಡೋ ತಾಳ್ಮೆ ಯಾರಿಗಿತ್ತು? "ಯಾರ್ದು?" ಅಂದ್ರು. ನೀನು ನನ್ನ ಹಿಂದೆ ನಿಂತಿದ್ದೆ. ನಿನ್ನ ಉಸಿರು ನನ್ನ ಕುತ್ತಿಗೆಗೆ ಬಡೀತಿತ್ತು. ನಾನು ಅಂದೆ: "ನಂದೇ ಸಾರ್. ಸ್ಕೂಲಿಗೆ ಸಹಿ ಹಾಕ್ದೆ."

ಎಲ್ಲರೂ ನಕ್ಕರು. ಜೀವನದಲ್ಲಿ ಮೊದಲನೇ ಸಲ ಅಷ್ಟು ಜನ ನನ್ನ ಮಾತಿಗೆ ನಕ್ಕಿದ್ದು. ಅದರ ರುಚಿ ಇನ್ನೂ ಬಿಟ್ಟಿಲ್ಲ. ಹನ್ನೆರಡು ಏಟು ಬಿತ್ತು, ಸ್ಕೂಲಿಂದ ನನ್ನ ಹೆಸರು ಹೊಡೆದು ಹಾಕಿದ್ರು. ಮಾರನೇ ದಿನ ನೀನು ಪುಸ್ತಕದ ಚೀಲ ಹಾಕ್ಕೊಂಡು ಬೀದಿ ಆ ಕಡೆ ಅಂಚಲ್ಲಿ ಹೋದೆ. ನಾನು ಈ ಕಡೆ ತೊಟ್ಟಿ ಕಲಕ್ತಾ ಇದ್ದೆ. ನೀನು ತಲೆ ಎತ್ತಲಿಲ್ಲ.

ನಿನ್ನ ಮೇಲೆ ಅವತ್ತು ಸಿಟ್ಟು ಬರ್ಲಿಲ್ಲ ಕಣೋ, ನಿಜವಾಗ್ಲೂ. ಸಿಟ್ಟು ಬಂದಿದ್ದು ಆ ಚೀಲ ನೋಡಿ. ಅದು ಐದನೇ ಕ್ಲಾಸಿಗೆ ಹೋಯ್ತು, ಆರಕ್ಕೆ ಹೋಯ್ತು, ದಪ್ಪ ಆಗ್ತಾ ಹೋಯ್ತು. ನಾನು ಬಟ್ಟೆ ಹಿಂಡ್ತಾ ಅದನ್ನೇ ಹಿಂಡ್ತಿದ್ದೆ. ಆ ಉರಿ ತಡೆಯೋಕೇ ಗೋಡೆ ಕಥೇನ ನಂದು ಮಾಡ್ಕೊಂಡೆ.

ಆ ಕೈ ಹಚ್ಚಿದ್ದು ನೀನು. ಸಾಕಿದ್ದು ನಾನು. ಈಗ ಬೆಳೆದು ದೊಡ್ಡದಾದ ಮೇಲೆ ನನ್ನ ಮಗ ಅಂತ ಬರ್ತಿದೀಯ.

ಗಿಲಕಿ


ಫೆಬ್ರವರಿ 20

ಪ್ರಿಯ ಗಿಲಕಿ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಹರಿದು ಹಾಕಿದೆ. ಅದಕ್ಕೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

ಪುಸ್ತಕದ ಎರಡನೆಯ ಮುದ್ರಣಕ್ಕೆ ಹಳೆಯ ಕಡತಗಳನ್ನು ನೋಡುತ್ತಿದ್ದೇನೆ. ನೀಲಿಗೈ ಎಂಬ ಹೆಸರು ಮೊದಲು ಕಾಣಿಸುವುದು ದೋಣಿಕಟ್ಟೆಯ ನಿಯಮಗಳಲ್ಲಿ, ಸೇತುವೆ ಇನ್ನೂ ಇಲ್ಲದ ಕಾಲದಲ್ಲಿ. "ನೀಲಿಗೈ ಬಂದರೆ ದಾರಿ ಬಿಡತಕ್ಕದ್ದು" ಎಂದಿದೆ. ಒದ್ದೆ ಬಟ್ಟೆಯ ಹೊರೆ ಹೊತ್ತವರನ್ನು ಕಾಯಿಸಿದರೆ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ, ಆದ್ದರಿಂದ ಅವರು ದೋಣಿಗೆ ಮೊದಲು. ಕೈ ತೋರಿಸಿದರೆ ಸಾಕು, ವ್ಯಾಪಾರಿಗಳೂ ಪಕ್ಕಕ್ಕೆ ಸರಿಯುತ್ತಿದ್ದರು. ಅಂದರೆ ಅದು ಗೌರವದ ಮಾತಾಗಿತ್ತು.

ಐವತ್ತು ವರ್ಷದ ನಂತರದ ಇನ್ನೊಂದು ಕಡತದಲ್ಲಿ, ನಮ್ಮ ಬೀದಿಯ ಎದುರು ದಡದ ಬಟ್ಟೆ ಗೋದಾಮಿಗೆ ಬೆಂಕಿ ಬಿದ್ದ ವಿವರವಿದೆ. ಕಾವಲುಗಾರರು ಹೊಸ ಸೇತುವೆಯ ತುದಿಯಲ್ಲಿ ನಿಂತು ಎಲ್ಲರ ಕೈ ನೋಡಿದರು. ಬಣ್ಣವಿದ್ದವರನ್ನೆಲ್ಲ ಹಿಡಿದರು, ನೂರ ಹನ್ನೆರಡು ಜನ. ಆಮೇಲಿನ ಕಾಗದಗಳಲ್ಲಿ ನೀಲಿಗೈ ಎಂದರೆ ಕಳ್ಳ, ಕಿಡಿಗೇಡಿ. ನಮ್ಮ ಕಾಲಕ್ಕೆ ಬರುವ ಹೊತ್ತಿಗೆ ಕೊಳಕ, ದಡ್ಡ. "ನೀಲಿಗೈ ಬಂತು, ದಾರಿ ಬಿಡಿ" ಎಂಬ ಮಾತು ಮಾತ್ರ ಉಳಿದಿತ್ತು. ಆದರೆ ಜನ ದಾರಿ ಬಿಡುತ್ತಿದ್ದುದು ಮೈಗೆ ತಗಲೀತೆಂದು.

ಬೆಂಕಿ ಹಚ್ಚಿದವನು ಒಬ್ಬ. ಹಿಡಿಸಿಕೊಂಡವರು ಬೇರೆ. ಅವನು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಆ ಸಾಲನ್ನು ನಕಲು ಮಾಡಿಕೊಂಡು ನಿನ್ನ ಪತ್ರದ ಪಕ್ಕದಲ್ಲಿಟ್ಟೆ.

ಸೇತುವೆಯ ದಿನದ ಬಗ್ಗೆ ನಿನ್ನ ಅಜ್ಜಿ ಏನೋ ಹೇಳುತ್ತಿದ್ದರು. ನನಗೆ ಅರ್ಧ ನೆನಪಿದೆ. ಬರೆದು ಕಳಿಸುವೆಯಾ? ಯಾವ ಕಡತದಲ್ಲೂ ಅದು ಇಲ್ಲ.

ನಿನ್ನ,
ಕೊಕ್ಕೆ


ಮಾರ್ಚ್ 4

ಮೇಷ್ಟ್ರೇ,

ಕೈ ಆಯ್ತು, ಈಗ ಅಜ್ಜಿನೂ ಬೇಕಾ? ನನ್ನ ಹಳೇ ಚಪ್ಪಲಿ ಒಂದು ಜೊತೆ ಇದೆ, ಅದನ್ನೂ ಕಳಿಸ್ಲಾ, ನಲವತ್ತೆರಡನೇ ಪುಟಕ್ಕೆ ಆಗುತ್ತೆ.

ಬರೀಬಾರ್ದು ಅಂತ ಒಂದು ವಾರ ಬಾಯಿ ಬಿಗಿ ಹಿಡಿದೆ. ಆಗಲ್ಲ. ಕಥೆ ಗೊತ್ತಿದ್ದೂ ಹೇಳದೆ ಇರೋದು ನನ್ನ ಜಾಯಮಾನ ಅಲ್ಲ.

ಅಜ್ಜಿ ಹೇಳ್ತಿದ್ದಿದ್ದು ಅವರ ತಾತನ ವಿಷಯ. ಸೇತುವೆ ಮೇಲೆ ಕೈ ನೋಡ್ತಿದಾರೆ ಅಂತ ಸುದ್ದಿ ಬಂದಾಗ ಮನೆಮನೆಯಲ್ಲೂ ಇಟ್ಟಿಗೆ ಪುಡಿಯಲ್ಲಿ ಕೈ ತಿಕ್ಕೋ ಸದ್ದಂತೆ, ಬೀದಿ ತುಂಬ ಗರಗರಗರ. ತಾತ ತಿಕ್ಕಲಿಲ್ಲ. ಎರಡೂ ಕೈ ಮೇಲೆತ್ತಿ, "ನೀಲಿಗೈ ಬಂತು, ದಾರಿ ಬಿಡಿ" ಅಂತ ಕೂಗ್ತಾ ಸೇತುವೆ ಮೇಲೆ ನಡೆದ್ರಂತೆ. ಹಿಡಿದು ಒಳಗೆ ಹಾಕಿದ್ರು. "ತಿಕ್ಕಿಕೊಂಡೋರು ಏನಾದ್ರು ಅಜ್ಜಿ?" ಅಂತ ನಾನು ಕೇಳಿದ್ರೆ, "ಅವರನ್ನೂ ಹಿಡಿದ್ರು ಕಣೋ, ಕೈ ಕೆಂಪಗಾಗಿತ್ತಲ್ಲ" ಅಂತಿದ್ರು.

ನೀನೂ ಇಟ್ಟಿಗೆ ಪುಡಿಯಲ್ಲಿ ತಿಕ್ಕಿಕೊಂಡೆ ಅಂತ ಬರೆದಿದ್ಯಲ್ಲ, ಓದಿದಾಗ ಇದೇ ನೆನಪಾಯ್ತು. ಚುಚ್ಚೋಕೆ ಹೇಳ್ತಿಲ್ಲ. ಸ್ವಲ್ಪ ಚುಚ್ಚೋಕೇ ಹೇಳ್ತಿದೀನಿ.

ಇನ್ನೊಂದು. ನಿನ್ನ ಪುಸ್ತಕದಲ್ಲಿ ತಪ್ಪಿದೆ. "ನನ್ನ ನೀಲಿ ಕೈಯನ್ನು ಒತ್ತಿದೆ" ಅಂದಿದೀಯ. ತೊಟ್ಟಿ ಮರೆತುಬಿಟ್ಯೇನೋ? ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಯಾವ ಬಣ್ಣ ಇರುತ್ತೆ? ಹಸಿರು. ಎಳೇ ಎಲೆ ಹಸಿರು. ಗಾಳಿ ತಾಗಿ, ಕಣ್ಣೆದುರಿಗೇ ನಿಧಾನಕ್ಕೆ ನೀಲಿಗೆ ತಿರುಗುತ್ತೆ. ಕೈನೂ ಹಾಗೇ. ಹಸಿರಿರೋವಾಗ ಒತ್ತಿದ್ರೆ ಹತ್ತುತ್ತೆ. ನೀಲಿಯಾಗಿ ಒಣಗಿದ ಮೇಲೆ ಬಿಳೀ ರೇಷ್ಮೆ ಹಿಡಿದರೂ ಒಂದು ಚುಕ್ಕೆ ಹತ್ತಲ್ಲ. ನೀನು ಗೋಡೆಗೆ ಒತ್ತಿದ್ದು ಹಸಿರು ಕೈ. ಅದಕ್ಕೇ ಓಡಿದ್ದು ನೀನು, ಹೆದರಿಕೆಗಲ್ಲ.

ಯೋಚ್ನೆ ಮಾಡು. "ಮುಟ್ಟಬೇಡ, ಅಂಟುತ್ತೆ" ಅಂತ ಎಷ್ಟು ಕಾಲ ಅಂದ್ರು ನಮಗೆ. ಈ ಅಧ್ಯಕ್ಷರ ಅಪ್ಪ ಔಷಧೀನ ನಮ್ಮ ಕೈಗೆ ಕೊಡ್ತಿರಲಿಲ್ಲ, ಮೇಜಿನ ಮೇಲೆ ಇಟ್ಟು ಕೋಲಲ್ಲಿ ತಳ್ತಿದ್ರು. ನಮ್ಮ ಕೈ ಅಂಟ್ತಾನೇ ಇರ್ಲಿಲ್ಲ. ಯಾರೂ ಒಂದು ಸಲ ಮುಟ್ಟಿ ನೋಡ್ಲಿಲ್ಲ, ಅಷ್ಟೇ.

ಈಗ ಆ ಅಪ್ಪನ ಮಗ, ನಮ್ಮ ಅಧ್ಯಕ್ಷರು, "ನಾವು ನೀಲಿಗೈಯವರು" ಅಂತ ಎದೆ ತಟ್ಕೊಳ್ತಾರೆ. ನೀಲಿಗೈ ಬೇಕರಿ, ನೀಲಿಗೈ ಸಲೂನು, ನೀಲಿಗೈ ಫುಟ್‌ಬಾಲ್ ತಂಡ. ತೂತಾದ ಕೋಟಿಗೆ ನಿನ್ನ ಅತ್ತಿಗೆ ನೀಲಿ ಬಟ್ಟೆ ತೇಪೆ ಹಾಕಿದ್ಲು, ಅಂಗೈ ಆಕಾರಕ್ಕೆ ಕತ್ತರಿಸಿ. ಬೈತಾರೆ ಅಂತ ಹೆದರಿಕೊಂಡು ಕೊಟ್ಟೆ. "ಅದ್ಭುತ!" ಅಂತ ಹಾಕ್ಕೊಂಡು ಬೀದಿಯೆಲ್ಲ ತಿರುಗಿದ್ರು. ಈಗ ಹನ್ನೊಂದು ಜನ ಹೊಸ ಕೋಟು ತಂದು ತೇಪೆ ಹಾಕಿ ಅಂತಿದಾರೆ. ತೂತು ಮಾಡಿ ಹಾಕ್ಲಾ, ಮಾಡದೆ ಹಾಕ್ಲಾ ಅಂತ ಕೇಳ್ತೀನಿ.

ನಗ್ತೀನಿ, ಆದ್ರೆ ಒಳಗೆ ಉರಿಯುತ್ತೆ. ಬೈಗುಳ ಆಗಿದ್ದಾಗ ಆ ಹೆಸರು ಹೊರೋಕೆ ನಾನೊಬ್ಬ ಬೇಕಾಗಿತ್ತು. ಹಾರ ಆದ್ಮೇಲೆ ಎಲ್ಲರ ಕುತ್ತಿಗೆನೂ ಮುಂದೆ ಬಂದಿದೆ. ನಿನ್ನದೂ.

ಫಲಕ ಕೆತ್ತೋಕೆ ಕೊಡೋದು ಏಪ್ರಿಲ್ ಹತ್ತಕ್ಕೆ. ಆ ಒಂದು ಸಾಲು ಬರ್ಕೊಡ್ತೀಯೋ ಇಲ್ವೋ?

ಗಿಲಕಿ


ಮಾರ್ಚ್ 29

ಗಿಲಕಿ,

ಇದರ ಜೊತೆಗಿರುವ ಚೀಟಿಯನ್ನು ಕಮಿಟಿಗೆ ಕೊಡು. "ಗೋಡೆಯ ಮೇಲಿನ ಗುರುತು ನನ್ನದಲ್ಲ. ನನ್ನ ಪುಸ್ತಕದಲ್ಲಿ ತಪ್ಪಾಗಿ ಅಚ್ಚಾಗಿದೆ" ಎಂದು ಬರೆದು ಸಹಿ ಹಾಕಿದ್ದೇನೆ.

ಹಸಿರು ಎಂಬುದನ್ನು ನಾನು ನಿಜವಾಗಿಯೂ ಮರೆತಿದ್ದೆ. ಆ ಸಾಲನ್ನು ಓದಿದ ಮೇಲೆ ನನ್ನ ಕೈಯನ್ನು ಬಹಳ ಹೊತ್ತು ನೋಡಿಕೊಂಡೆ. ಅಷ್ಟನ್ನು ಮರೆತವನ ಹೆಸರು ಆ ಗೋಡೆಯ ಮೇಲೆ ಇರಬಾರದು.

ಸಮಾರಂಭಕ್ಕೆ ಬರುವುದಿಲ್ಲ. ಮಗಳಿಗೆ ಏನಾದರೂ ನೆಪ ಹೇಳುತ್ತೇನೆ. ನೆಪ ಹೇಳುವುದರಲ್ಲಿ ನನಗೆ ಅಭ್ಯಾಸವಿದೆ.

ಕೊಕ್ಕೆ


ಏಪ್ರಿಲ್ 23

ಲೋ ಕೊಕ್ಕೆ,

ನಿನ್ನ ಚೀಟಿ ಬಂತು. ಅಂಗಡಿಯಲ್ಲೇ ಕುಣಿದೆ. ಮಡಿಕೆ ಕಾಣಬಾರದು ಅಂತ ಅದಕ್ಕೂ ಇಸ್ತ್ರಿ ಹಾಕಿದೆ. ಜೇಬಲ್ಲಿ ಇಟ್ಕೊಂಡು ಔಷಧಿ ಅಂಗಡಿವರೆಗೂ ಹೋದೆ, ಅಲ್ಲಿ ಕೆಮ್ಮಿನ ಗುಳಿಗೆ ತಗೊಂಡು ವಾಪಸ್ ಬಂದೆ. ಮೂರು ದಿನ ಹಾಗೇ ಆಯ್ತು. ಕೆಮ್ಮಿಲ್ಲ, ಮನೆ ತುಂಬ ಗುಳಿಗೆ.

"ಕೊಡೋಕೆ ಏನಾಗಿದೆ ನಿಮಗೆ?" ಅಂದ್ಲು ಇವಳು.

"ಬರೀ ಚೀಟಿ ಸಾಲದು, ಕೈನೂ ಇರ್ಬೇಕು" ಅಂದೆ.

ಬಣ್ಣದ ತೊಟ್ಟಿಗಳನ್ನ ಮುಚ್ಚಿದ ದಿನ ಒಂದು ಡಬ್ಬಿಯಲ್ಲಿ ನೀಲಿ ಬಣ್ಣದ ಗಟ್ಟಿ ಎತ್ತಿಟ್ಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಅದನ್ನ ಅರೆದು, ಹಿತ್ತಲಲ್ಲಿ ಹಳೇ ಹಂಡೆಯಲ್ಲಿ ಕಲಸಿ ಹುಳಿ ಬರೋಕೆ ಇಟ್ಟೆ. ಐದು ದಿನಕ್ಕೆ ವಾಸನೆ ಎದ್ದಿತು ನೋಡು! ಪಕ್ಕದ ಮನೆ ಟೈಲರಮ್ಮ ಮೂಗು ಮುಚ್ಕೊಂಡು ಬಂದು, "ಏನ್ ಸತ್ತಿದೆ ಅಣ್ಣಾ?" ಅಂದ್ಲು. "ಏನೂ ಸತ್ತಿಲ್ಲಮ್ಮ, ಹಳೇದೊಂದು ಬದುಕ್ತಿದೆ" ಅಂದೆ.

ಏಪ್ರಿಲ್ ಒಂಬತ್ತು, ಭಾನುವಾರ ಮಧ್ಯಾಹ್ನ. ಸ್ಕೂಲಲ್ಲಿ ಯಾರೂ ಇರ್ಲಿಲ್ಲ. ಹಂಡೆಯಿಂದ ಒಂದು ಬಕೆಟ್ ತುಂಬಿ, ಮುಚ್ಚಳ ಹಾಕಿ ತಗೊಂಡು ಹೋದೆ. ನಿನ್ನ ಕೈ ಪಕ್ಕದಲ್ಲಿ ನನ್ನ ಕೈ ಒತ್ತಿಬಿಡೋದು, ಆಮೇಲೆ ಯಾರ್ದು ಯಾವುದು ಅಂತ ನಾನು ಹೇಳಿದ್ದೇ ಕಥೆ. ಇದು ನನ್ನ ಲೆಕ್ಕಾಚಾರ.

ಮೊಣಕೈವರೆಗೂ ಅದ್ದಿದೆ. ಎತ್ತಿದೆ. ಹಸಿರು, ಕಣೋ! ಇಪ್ಪತ್ತೈದು ವರ್ಷ ಆಗಿತ್ತು ಆ ಹಸಿರು ನೋಡಿ. ಗೋಡೆ ಹತ್ರ ಹೋದೆ. ನಿನ್ನ ಕೈ ಎದುರಿಗೆ ಇತ್ತು.

ಎಷ್ಟು ಚಿಕ್ಕದೋ ಅದು.

ನಾನು ನೋಡೇ ಇರ್ಲಿಲ್ಲ, ಅಂದ್ರೆ ಹಾಗೆ ನೋಡಿರ್ಲಿಲ್ಲ. ಬೆರಳು ಬಾಗಿದೆಯಾ ಅಂತ ನೋಡಿದ್ದೆ ಅಷ್ಟೇ. ನನ್ನ ಅಂಗೈಯಲ್ಲಿ ಮುಚ್ಚಿಹೋಗುತ್ತೆ. ಹೆಬ್ಬೆರಳು ಸ್ವಲ್ಪ ಜಾರಿದೆ, ಒತ್ತುವಾಗ ನಡುಗಿದೆ ಅದು. ಇಷ್ಟು ವರ್ಷ ನಾನು ಹೊಟ್ಟೆ ಉರ್ಕೊಂಡಿದ್ದು ಈ ಕೈ ಮೇಲಾ? ದಪ್ಪ ಚೀಲ ಹೊತ್ತ ಯಾರೋ ದೊಡ್ಡ ಮನುಷ್ಯನ ಕೈ ಅಂದ್ಕೊಂಡಿದ್ದೆ. ಇದು ನನ್ನ ಹಿಂದೆ ಉಸಿರು ಬಿಡ್ತಾ ನಿಂತಿದ್ದ ಹುಡುಗಂದು.

ಎಷ್ಟು ಹೊತ್ತು ನಿಂತೆನೋ. ಆಮೇಲೆ ಜ್ಞಾನ ಬಂದು ಕೈ ಒತ್ತಿದೆ. ಗಟ್ಟಿಯಾಗಿ, ಮೈಭಾರವೆಲ್ಲ ಹಾಕಿ. ತೆಗೆದೆ.

ಏನೂ ಇಲ್ಲ. ಗೋಡೆ ಬಿಳಿ.

ಕೈ ನೋಡ್ಕೊಂಡೆ. ಪೂರ್ತಿ ನೀಲಿ, ಒಣಗಿಹೋಗಿದೆ. ತೊಟ್ಟಿ ಹತ್ರಾನೇ ಬೆಳೆದವನು, ನಿಂಗೆ ಪಾಠ ಹೇಳಿದವನು, ನಾನೇ ನಿಂತುಬಿಟ್ಟಿದ್ದೆ! ಒಬ್ಬನೇ ಗೋಡೆ ಎದುರು ನಿಂತು ನಕ್ಕೆ. ಬಕೆಟ್ ಕಾಲ ಹತ್ರಾನೇ ಇತ್ತು. ಇನ್ನೊಂದ್ಸಲ ಅದ್ದಬಹುದಿತ್ತು. ಅದ್ದಲಿಲ್ಲ. ಮುಚ್ಚಳ ಹಾಕಿ ಮನೆಗೆ ತಂದೆ.

ಮಾರನೇ ದಿನ ಕಮಿಟಿ ಎದುರಿಗೆ ಇದ್ದಿದ್ದು ಇದ್ದ ಹಾಗೆ ಹೇಳ್ದೆ. ಧೈರ್ಯ ಇದ್ರೆ ಹಚ್ಚು ಅಂದಿದ್ದೂ ಹೇಳ್ದೆ. ಯಾರೂ ನಗಲಿಲ್ಲ. ನನ್ನ ಜೀವನದಲ್ಲೇ ಮೊದಲು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, "ಹಾಗಾದ್ರೆ ಯಾರ ಹೆಸರು ಹಾಕೋದ್ರೀ?" ಅಂದ್ರು. ಫಲಕದಲ್ಲಿ ಇರೋದು ಇಷ್ಟು:

"ಹಚ್ಚಿದವನು ಒಬ್ಬ, ಸಿಕ್ಕಿಬಿದ್ದವನು ಒಬ್ಬ. ಇಬ್ಬರೂ ನೀಲಿಗೈಯವರು."

ಸಮಾರಂಭದಲ್ಲಿ ಎಲ್ಲರೂ ಕೈಗೆ ಪೇಂಟ್ ಬಳ್ಕೊಂಡು ಬಂದಿದ್ರು. ಕುರ್ಚಿ, ಹಾರ, ಮೈಕು, ಅಧ್ಯಕ್ಷರ ಮೂಗು, ಎಲ್ಲಕ್ಕೂ ನೀಲಿ. ಆ ಪೇಂಟ್ ಅಂಟುತ್ತೆ ನೋಡು! ಅಂಟದೆ ಇದ್ದಿದ್ದು ನನ್ನ ಕೈ ಒಂದೇ. ಯಾರೋ ಮುದುಕಿ ಅದನ್ನ ನೋಡಿದ್ಲು. ಉಗುರು ಹಿಡಿದು ನೋಡಿದ್ಲು, ಮೂಸಿ ನೋಡಿದ್ಲು. ಆಮೇಲೆ ಜನರ ಕಡೆ ತಿರುಗಿ ಕೂಗಿದ್ಲು, "ಏಯ್, ನೀಲಿಗೈ ಬಂತು, ದಾರಿ ಬಿಡ್ರೋ!"

ಬಿಟ್ರು ಕಣೋ. ಗೋಡೆವರೆಗೂ. ಅಜ್ಜಿಯ ತಾತನ ಥರ ಕೈ ಮೇಲೆತ್ತಿ ಹಿಡ್ಕೊಂಡು ನಡೆದೆ.

ನಿನ್ನ ಕುರ್ಚಿ ಖಾಲಿ ಇತ್ತು. ಚೀಟಿ ವಾಪಸ್ ಕಳಿಸಿದೀನಿ. ಹರಿದು ಹಾಕು. ಇಸ್ತ್ರಿ ಮಾಡಿದ್ದಕ್ಕೆ ಬೇಜಾರಾಗುತ್ತೆ, ಆದ್ರೂ ಹರಿ.

ಗಿಲಕಿ


ಮೇ 2

ಗಿಲಕಿ,

ಪತ್ರಿಕೆಯಲ್ಲಿ ಚಿತ್ರ ನೋಡಿದೆ. ಮಗಳೇ ತಂದು ತೋರಿಸಿದಳು. ಜನರ ನಡುವೆ ಎತ್ತಿ ಹಿಡಿದ ನಿನ್ನ ಕೈ.

ನಿನಗೆ ಅಭಿನಂದನೆ ಬರೆಯಬೇಕೆಂದು ಕೂತೆ. ಅದು ಸುಳ್ಳಾಗುತ್ತದೆ. ನನಗೆ ಹೊಟ್ಟೆ ಉರಿಯಿತು, ಗಿಲಕಿ. ನಿನ್ನಂತೆ ತಮಾಷೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಆ ಉಗುರುಗಳನ್ನು ನೋಡಿದಷ್ಟೂ ಉರಿಯಿತು. ನಾನು ಮೂವತ್ತು ವರ್ಷ ತಿಕ್ಕಿ ತೆಗೆದದ್ದು ಒಂದು ಭಾನುವಾರ ಮಧ್ಯಾಹ್ನ ನಿನ್ನ ಕೈಗೆ ಮರಳಿತು. ಅಂದು ಸಾಲಿನಲ್ಲಿ ನಿಂತಿದ್ದಾಗಲೂ ಹೀಗೇ ಆಗಿತ್ತು. ನೀನು "ನಂದೇ ಸಾರ್" ಎಂದಾಗ ಮೊದಲು ಜೀವ ಬಂತು, ಮರುಕ್ಷಣವೇ ಎಲ್ಲರೂ ನಿನ್ನನ್ನು ನೋಡುತ್ತಿದ್ದರು. ಹಚ್ಚಿದ್ದು ನಾನು, ನೋಡುತ್ತಿದ್ದುದು ನಿನ್ನನ್ನು. ಮಾರನೆಯ ದಿನ ತಲೆ ಎತ್ತದೆ ಹೋದದ್ದು ಬರೀ ನಾಚಿಕೆಯಿಂದಲ್ಲ.

ಮಗಳಿಗೆ ಹೇಳಿದೆ, ನಲವತ್ತೊಂದನೆಯ ಪುಟದ ನಂತರ ಏನಾಯಿತು ಎಂಬುದನ್ನೂ. ಅವಳು ನನ್ನ ಕಿರುಬೆರಳನ್ನು ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

ಹಂಡೆಯಲ್ಲಿ ಇನ್ನೂ ಏನಾದರೂ ಉಳಿದಿದೆಯಾ?

ಕೊಕ್ಕೆ


ಮೇ 8

ಲೋ ಕೊಕ್ಕೆ,

ನಿಂಗೂ ಉರೀತಂತಾ! ಪತ್ರ ಓದಿ ಎರಡು ಸಲ ಊಟ ಮಾಡಿದೆ. ನಿನ್ನ ಅತ್ತಿಗೆಗೂ ಜೋರಾಗಿ ಓದಿಸಿದೆ. "ಅಯ್ಯೋ ಪಾಪ, ಇಬ್ರೂ ಒಂದೇ ಒಲೆ" ಅಂದ್ಲು.

ಹಂಡೆಯಲ್ಲಿ ಅರ್ಧ ಇದೆ. ಮುಚ್ಚಿಟ್ಟಿದೀನಿ, ದಿನಾ ಕಲಕ್ತೀನಿ, ಟೈಲರಮ್ಮ ದಿನಾ ಬೈತಾಳೆ. ಗಾಜಿನ ಪಕ್ಕದಲ್ಲಿ ಗೋಡೆ ಬೇಕಾದಷ್ಟು ಖಾಲಿ ಇದೆ, ನಂದು ಹತ್ತಲಿಲ್ಲವಲ್ಲ. ಅಧ್ಯಕ್ಷರನ್ನ ಕೇಳಿದೀನಿ. "ಬೇಗ ಬರೋಕೆ ಹೇಳ್ರೀ" ಅಂದ್ರು.

ಮಗಳನ್ನೂ ಕರ್ಕೊಂಡು ಬಾ. ಬಿಳೀ ಬಟ್ಟೆ ಬೇಡ ಅಂತ ಹೇಳು. ಹಂಡೆ ಇರೋದು ನಮ್ಮ ಹಿತ್ತಲಲ್ಲಿ, ಗೋಡೆ ಅಲ್ಲೇ ಇದೆ, ಮಧ್ಯೆ ಅದೇ ಬಾಗಿಲು. ನಿಂದು ಹತ್ತಿ ನಂದು ಮತ್ತೆ ಹತ್ತದೆ ಹೋದ್ರೆ ನಾನು ನಿನ್ನ ಜೊತೆ ಇನ್ನೊಂದು ನಲವತ್ತೈದು ವರ್ಷ ಮಾತಾಡಲ್ಲ, ಈಗ್ಲೇ ಹೇಳಿದೀನಿ. ಇಬ್ರೂ ಒಟ್ಟಿಗೆ ಅದ್ದೋಣ.

ಅದ್ದಿದ ಮೇಲೆ ಮಾತ್ರ ಮೇಷ್ಟ್ರ ಥರ ನಿಂತು ಯೋಚ್ನೆ ಮಾಡ್ಬೇಡ. ನನ್ನ ಕಡೆನೂ ನೋಡ್ಬೇಡ. ಹಸಿರಿರೋವಾಗ್ಲೇ ಓಡು.

ಬಾಗಿಲು ತೆಗೆದೇ ಇಟ್ಟಿರ್ತೀನಿ,
ಗಿಲಕಿ